ದಂಡಿನ ಚೆಂಡು

ಯುದ್ಧವೂ ಆಟವೂ ಒಂದಕ್ಕೊಂದು ಬಹು ದೂರದ ಸಂಗತಿಗಳೆಂದು ಮೇಲ್ನೋಟಕ್ಕೆ ತೋರುತ್ತದೆ. ಯುದ್ಧದಲ್ಲಿ ಪ್ರಾಣಗಳು ಹೋಗುತ್ತವೆ, ಮನೆಗಳು ಉರಿಯುತ್ತವೆ. ಆಟದಲ್ಲಿ ಸೋತವನು ಗೆದ್ದವನ ಕೈಕುಲುಕಿ, ಮನೆಗೆ ಹೋಗಿ ಊಟಮಾಡಿ ಮಲಗುತ್ತಾನೆ. ಆದರೂ ಚರಿತ್ರೆಯ ಪುಟಗಳನ್ನು ತಿರುವಿ ನೋಡಿದರೆ ಇವೆರಡೂ ನೆರೆಹೊರೆಯವರಂತೆ ಬಾಳಿದುದು ಕಂಡುಬರುತ್ತದೆ. ಬ್ರಿಟಿಷ್ ಸೈನಿಕರು ಬೀಡುಬಿಟ್ಟ ಕಡೆಗಳಲ್ಲೆಲ್ಲ ಒಂದು ಬಯಲು, ಬಯಲಿನ ಎರಡು ತುದಿಗಳಲ್ಲಿ ನೆಟ್ಟ ಕಂಬಗಳು, ನಡುವೆ ಒಂದು ಚರ್ಮದ ಚೆಂಡು ಇವು ತಪ್ಪುತ್ತಿರಲಿಲ್ಲ. ನಮ್ಮ ನಾಡಿಗೆ ಕಾಲ್ಚೆಂಡಿನ ಆಟ ಬಂದುದು ಈ ದಾರಿಯಿಂದಲೇ. ಅದು ಹೇಗೆ ಬಂದಿತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ನೆಲೆಗಳ ತಂಡಗಳು ಹೇಗೆ ಆಡಿದವು, ಯುದ್ಧ ಮುಗಿದು ಪರದೇಶದ ಸೈನ್ಯ ಹೊರಟುಹೋದ ಮೇಲೆ ಆ ಆಟ ಯಾರ ಪಾಲಿಗೆ ಉಳಿಯಿತು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಬೆಂಗಳೂರಿಗೆ ರೈಲಿನಲ್ಲಿ ಹೋದವರು ‘ಬೆಂಗಳೂರು ದಂಡು’ ಎಂಬ ನಿಲ್ದಾಣದ ಹೆಸರನ್ನು ಕಂಡಿರಬಹುದು. ದಂಡು ಎಂದರೆ ಸೈನ್ಯ. ಸೈನ್ಯ ನೆಲಸಿದ ಸ್ಥಳಕ್ಕೂ ಜನರು ಅದೇ ಹೆಸರನ್ನು ಕೊಟ್ಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಸೈನ್ಯ ಮೊದಲು ಅಲ್ಲಿಯೇ ತಂಗಿತ್ತು. ಆದರೆ ಆ ದ್ವೀಪದ ಚಳಿಜ್ವರ ಸಿಪಾಯಿಗಳನ್ನು ಹಾಸಿಗೆ ಹಿಡಿಸಿತು. ಆರೋಗ್ಯಕರವಾದ ಹವೆಯನ್ನು ಅರಸುತ್ತ ಅವರು 1809ರಲ್ಲಿ ಬೆಂಗಳೂರಿನ ಹಲಸೂರಿನ ಕಡೆಯಲ್ಲಿ ಹೊಸ ನೆಲೆಯನ್ನು ಸ್ಥಾಪಿಸಿದರು. ಅಂದಿನಿಂದ ಬೆಂಗಳೂರು ಎರಡು ಊರುಗಳಾಯಿತು. ಒಂದು, ಕೆಂಪೇಗೌಡರು ಕಟ್ಟಿಸಿದ ಪೇಟೆ. ಇನ್ನೊಂದು, ಇಂಗ್ಲಿಷರ ದಂಡು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡಿನ ಪ್ರದೇಶವನ್ನು ಬ್ರಿಟಿಷರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. 1947ರವರೆಗೂ ಪೇಟೆಯ ಮೇಲೆ ಮಹಾರಾಜರ ಆಡಳಿತ, ದಂಡಿನ ಮೇಲೆ ಬ್ರಿಟಿಷರ ಆಡಳಿತ ನಡೆಯಿತು. ಎರಡು ಪುರಸಭೆಗಳು ಒಂದಾದುದು 1949ರಲ್ಲಿ.

ಈ ದಂಡಿನಲ್ಲಿ ನೆಲಸಿದ ದಳಗಳಲ್ಲಿ ‘ಮದರಾಸು ಸ್ಯಾಪರ್ಸ್’ ಎಂಬ ದಳವನ್ನು ಮುಖ್ಯವಾಗಿ ಹೇಳಬೇಕು. ಸೈನ್ಯಕ್ಕೆ ರಸ್ತೆ ಹಾಕುವುದು, ಸೇತುವೆ ಕಟ್ಟುವುದು, ಶತ್ರುಗಳು ಹೂತಿಟ್ಟ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವುದು ಇವರ ಕೆಲಸ. 1780ರಲ್ಲಿ ಹುಟ್ಟಿದ ಈ ದಳ 1834ರಿಂದ ಬೆಂಗಳೂರನ್ನು ತನ್ನ ಮನೆಯನ್ನಾಗಿ ಮಾಡಿಕೊಂಡಿತು. ಹಲಸೂರು ಕೆರೆಯ ಬಳಿ ಇಂದಿಗೂ ಅದರ ಕೇಂದ್ರವಿದೆ. ಹೆಸರು ಮದರಾಸಿನದು, ಮನೆ ಬೆಂಗಳೂರಿನಲ್ಲಿ! ಇದು ವಿಚಿತ್ರವೆಂದು ತೋರಬಹುದು. ಆದರೆ ಆ ಕಾಲದ ಎಲ್ಲೆಗಳು ಇಂದಿನ ಎಲ್ಲೆಗಳಂತಿರಲಿಲ್ಲ. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲದ ಸೀಮೆ, ಎಂದರೆ ಕಾವೇರಿಯ ದಂಡೆಯ ಮುಳ್ಳೂರು ಮೊದಲಾದ ಹಳ್ಳಿಗಳು, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿತ್ತು. ಮುಳ್ಳೂರಿನ ಯುವಕನೊಬ್ಬ ಸಿಪಾಯಿಯಾಗಬೇಕಾಗಿದ್ದರೆ ಅವನು ಮದರಾಸು ಪ್ರಾಂತದವನೆಂದೇ ಹೆಸರು ಬರೆಸಬೇಕಾಗಿತ್ತು. ಸ್ಯಾಪರ್ಸ್ ದಳವನ್ನು ಸೇರಿದರೆ ತರಬೇತಿಗೆ ಬರಬೇಕಾದುದು ಬೆಂಗಳೂರಿನ ದಂಡಿಗೆ.

ಸೈನ್ಯಕ್ಕೆ ಕಾಲ್ಚೆಂಡು ಏಕೆ ಬೇಕಾಯಿತು? ಶಾಂತಿಯ ಕಾಲದಲ್ಲಿ ಸಿಪಾಯಿಯ ದೊಡ್ಡ ಶತ್ರು ಬೇಸರ. ಬೆಳಗಿನ ಕವಾಯತು ಮುಗಿದ ಮೇಲೆ ಅವನಿಗೆ ದಿನವೆಲ್ಲ ಬಿಡುವು. ಬಿಡುವು ಹೆಚ್ಚಾದಲ್ಲಿ ಕುಡಿತ, ಜೂಜು, ಜಗಳಗಳು ತಲೆಯೆತ್ತುತ್ತವೆ. ಚೆಂಡಿನ ಆಟ ಮೈಯನ್ನು ಗಟ್ಟಿಮಾಡುತ್ತದೆ, ಸಂಜೆಯ ಹೊತ್ತನ್ನು ತುಂಬುತ್ತದೆ. ಅದಕ್ಕಿಂತ ಹೆಚ್ಚಾಗಿ ಹನ್ನೊಂದು ಜನ ಒಂದೇ ಮನಸ್ಸಿನಿಂದ ನಡೆಯುವುದನ್ನು ಅದು ಕಲಿಸುತ್ತದೆ. ಸೇನಾಧಿಕಾರಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1888ರಲ್ಲಿ ಸಿಮ್ಲಾದಲ್ಲಿ ಡ್ಯೂರಂಡ್ ಕಪ್ ಪಂದ್ಯಗಳು ಆರಂಭವಾದವು. 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ ಹುಟ್ಟಿತು. ಮೊದಲ ರೋವರ್ಸ್ ಕಪ್ಪನ್ನು ಗೆದ್ದುದು ವೂಸ್ಟರ್‌ಷೈರ್ ರೆಜಿಮೆಂಟು. ಅನಂತರ ಹಲವು ದಶಕಗಳ ಕಾಲ ಈ ಬಹುಮಾನಗಳು ಒಂದು ಗೋರಾ ಪಲ್ಟನ್ನಿನ ಕೈಯಿಂದ ಇನ್ನೊಂದು ಗೋರಾ ಪಲ್ಟನ್ನಿನ ಕೈಗೆ ಹೋಗುತ್ತಿದ್ದವು. ಭಾರತೀಯರು ಬೇಲಿಯ ಆಚೆ ನಿಂತು ನೋಡುವವರಾಗಿದ್ದರು.

ಬೇಲಿಯ ಆಚೆ ನಿಂತವರು ನೋಡುವುದರಲ್ಲಿಯೇ ತೃಪ್ತರಾಗಲಿಲ್ಲ. ದಂಡು ಎಂದರೆ ಬರಿಯ ಸಿಪಾಯಿಗಳಲ್ಲ. ಅವರಿಗೆ ಅಡಿಗೆ ಮಾಡುವವರು, ಬಟ್ಟೆ ಒಗೆಯುವವರು, ಕುದುರೆಗೆ ಹುಲ್ಲು ತರುವವರು, ಬೂಟು ಹೊಲಿಯುವವರು, ಅಂಗಡಿ ಇಟ್ಟವರು ಇವರೆಲ್ಲ ದಂಡಿನ ಸುತ್ತ ನೆಲಸಿದ್ದರು. ತಮಿಳು, ಉರ್ದು, ತೆಲುಗು, ಕನ್ನಡಗಳನ್ನು ಆಡುವ ಈ ಮನೆಗಳ ಮಕ್ಕಳು ಸಂಜೆ ಬಯಲಿನ ಅಂಚಿನಲ್ಲಿ ಕುಳಿತು ಆಟವನ್ನು ನೋಡಿ ಕಲಿತರು. ಚೆಂಡು ಸಿಕ್ಕದಿದ್ದರೆ ಚಿಂದಿಬಟ್ಟೆಯ ಉಂಡೆಯೇ ಚೆಂಡು. ಬೂಟಿನ ಮಾತಂತೂ ದೂರವೇ ಉಳಿಯಿತು. ಅವರು ಬರಿಗಾಲಿನಲ್ಲಿ ಆಡಿದರು.

ಬರಿಗಾಲಿನ ಆಟವನ್ನು ಬಡತನದ ಗುರುತೆಂದಷ್ಟೇ ತಿಳಿಯಬಾರದು. ಅದರಲ್ಲಿ ಒಂದು ವಿದ್ಯೆ ಅಡಗಿತ್ತು. ಅಂದಿನ ಚೆಂಡು ಚರ್ಮದ ಪಟ್ಟಿಗಳನ್ನು ಸೇರಿಸಿ ಹೊಲಿದದ್ದು. ಒಳಗೆ ರಬ್ಬರಿನ ಚೀಲ. ಅದಕ್ಕೆ ಗಾಳಿ ತುಂಬಿ, ಬಾಯಿಯನ್ನು ಚರ್ಮದ ದಾರದಿಂದ ಬಿಗಿಯುತ್ತಿದ್ದರು. ಸುತ್ತಳತೆ 27ರಿಂದ 28 ಅಂಗುಲ. ತೂಕ ಒಣಗಿದ್ದಾಗ ಅರ್ಧ ಕಿಲೋಗ್ರಾಮಿಗಿಂತ ಸ್ವಲ್ಪ ಕಡಿಮೆ. ಬೆಂಗಳೂರಿನ ಗಟ್ಟಿಯಾದ ಕೆಮ್ಮಣ್ಣಿನ ಬಯಲಿನಲ್ಲಿ ಬರಿಗಾಲಿನ ಆಟಗಾರನು ಬೆರಳುಗಳಿಂದ ಚೆಂಡಿನ ಚಲನೆಯನ್ನು ಅರಿಯುತ್ತಿದ್ದನು. ಅದನ್ನು ಅಂಗಾಲಿನಿಂದ ಎಳೆದು, ಪಾದದ ಅಂಚಿನಿಂದ ತಿರುಗಿಸಿ, ಎದುರಾಳಿ ಕಾಲು ಚಾಚುವುದರೊಳಗೆ ಜಾರಿಹೋಗುತ್ತಿದ್ದನು. ದಪ್ಪ ಚರ್ಮದ ಬೂಟಿನೊಳಗಿನ ಪಾದಕ್ಕೆ ಈ ಸೂಕ್ಷ್ಮ ಸ್ಪರ್ಶ ಸುಲಭವಾಗಿ ದಕ್ಕದು. ಆದರೆ ಮಳೆ ಬಂದಿತೆಂದರೆ ಲೆಕ್ಕವೇ ತಲೆಕೆಳಗು. ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ಒದ್ದೆ ಹುಲ್ಲಿನ ಮೇಲೆ ಬರಿಗಾಲು ಜಾರುತ್ತಿತ್ತು. ಬೂಟಿನ ಅಡಿಯ ಗುಬುಟುಗಳು ಮಾತ್ರ ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ಅಂಥ ಬೂಟಿನ ಒದೆತ ಬರಿಗಾಲಿನ ಮೇಲೆ ಬಿದ್ದರೆ ಆಗುವ ನೋವನ್ನು ವಿವರಿಸಬೇಕಾಗಿಲ್ಲ.

ತಂಡವನ್ನು ನಿಲ್ಲಿಸುವ ಕ್ರಮವೂ ಇಂದಿನದಕ್ಕಿಂತ ಬೇರೆಯಾಗಿತ್ತು. ಗೋಲ್‌ಕೀಪರನ ಮುಂದೆ ಇಬ್ಬರು ‘ಬ್ಯಾಕ್’ಗಳು, ಅವರ ಮುಂದೆ ಮೂವರು ‘ಹಾಫ್’ಗಳು, ಎಲ್ಲರಿಗಿಂತ ಮುಂದೆ ಐವರು ‘ಫಾರ್ವರ್ಡ್’ಗಳು. ಮುಂದಿನ ಸಾಲಿನಲ್ಲಿಯೇ ಐದು ಜನರಿದ್ದುದರಿಂದ ಆಟದಲ್ಲಿ ದಾಳಿಗೆ ಪ್ರಾಧಾನ್ಯ. ನಡುವಿನ ಮೂವರು ಹಿಂದಕ್ಕೂ ಮುಂದಕ್ಕೂ ಓಡುತ್ತ ತಂಡದ ಬೆನ್ನೆಲುಬಾಗಿರುತ್ತಿದ್ದರು. ಈ ಹನ್ನೊಂದು ಜನ ಒಬ್ಬರ ನಡೆಯನ್ನೊಬ್ಬರು ಅರಿಯಲು ಬಹುಕಾಲ ಕೂಡಿ ಆಡಬೇಕು. ಈ ಮಾತನ್ನು ನೆನಪಿನಲ್ಲಿಡಿ. ಯುದ್ಧಕಾಲದ ತಂಡಗಳ ಕಷ್ಟ ಏನೆಂಬುದು ಇದರಿಂದ ತಿಳಿಯುತ್ತದೆ.

ಬರಿಗಾಲಿನವರು ಬೂಟಿನವರನ್ನು ಗೆಲ್ಲಬಹುದೆಂದು ಮೊದಲು ತೋರಿಸಿಕೊಟ್ಟುದು ಕಲ್ಕತ್ತ. 1911ರ ಜುಲೈ 29ರಂದು ಮೋಹನ್ ಬಗಾನ್ ತಂಡ ಐ.ಎಫ್.ಎ. ಷೀಲ್ಡಿನ ಅಂತಿಮ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1 ಗೋಲುಗಳಿಂದ ಸೋಲಿಸಿತು. ಆ ತಂಡದಲ್ಲಿ ಬೂಟು ತೊಟ್ಟಿದ್ದವನು ಒಬ್ಬನೇ. ದೇಶವೆಲ್ಲ ಹಿಗ್ಗಿತು. ಆದರೆ ಸೈನ್ಯದ ಇನ್ನೊಂದು ಕೋಟೆಯಾದ ರೋವರ್ಸ್ ಕಪ್ ಭಾರತೀಯರ ಕೈಗೆ ಬರಲು ಇನ್ನೂ 26 ವರ್ಷಗಳು ಬೇಕಾದವು. ಅದನ್ನು ತಂದವರು ಕಲ್ಕತ್ತದವರಲ್ಲ, ನಮ್ಮ ಬೆಂಗಳೂರಿನವರು. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ಎಂಬ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದಿತು. ಆ ಬಹುಮಾನವನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಅಂತಿಮ ಪಂದ್ಯದಲ್ಲಿ ಅದಕ್ಕೆ ಎದುರಾದುದು ಆ ವರ್ಷಗಳಲ್ಲಿ ಕಲ್ಕತ್ತದ ಲೀಗನ್ನು ಸಾಲಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ, 1938ರಲ್ಲಿಯೂ ಬೆಂಗಳೂರಿನ ತಂಡವೇ ಗೆದ್ದಿತು. ದಂಡಿನ ನೆರಳಿನಲ್ಲಿ ಬೆಳೆದ ಆಟ ದಂಡಿಗೇ ಸರಿಸಮಾನವಾಗಿ ನಿಂತಿತು.

ಅಷ್ಟರಲ್ಲಿ ಲೋಕವನ್ನು ಯುದ್ಧ ಕವಿಯಿತು. 1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಭಾರತೀಯ ನಾಯಕರನ್ನು ಕೇಳದೆಯೇ ವೈಸರಾಯರು ಭಾರತವನ್ನೂ ಯುದ್ಧಕ್ಕೆ ಎಳೆದರು. ಆಗ ಸುಮಾರು 2 ಲಕ್ಷವಿದ್ದ ಭಾರತೀಯ ಸೈನ್ಯ 1945ರ ವೇಳೆಗೆ 25 ಲಕ್ಷಕ್ಕೆ ಬೆಳೆಯಿತು. ಇಷ್ಟು ಜನರನ್ನು ಎಲ್ಲಿ ತಂಗಿಸುವುದು? ಎಲ್ಲಿ ತರಬೇತು ಕೊಡುವುದು? ದೇಶದ ನಾನಾ ಕಡೆಗಳಲ್ಲಿ ಹೊಸ ಶಿಬಿರಗಳು ತಲೆಯೆತ್ತಿದವು. ಹಳೆಯ ದಂಡುಗಳು ಹಿಗ್ಗಿದವು.

ಬೆಂಗಳೂರು ಇದಕ್ಕೆ ಹೇಳಿಮಾಡಿಸಿದಂತಿತ್ತು. ಅದು ಸಮುದ್ರದಿಂದ ದೂರವಿದ್ದುದರಿಂದ ಶತ್ರುವಿನ ಹಡಗುಗಳ ಭಯವಿಲ್ಲ. ಹವೆ ತಂಪು, ರೈಲುಮಾರ್ಗಗಳ ಅನುಕೂಲ. ಕೊಳ್ಳೇಗಾಲಕ್ಕೆ ಸಮೀಪದ ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1905ರಿಂದಲೇ ಆ ಊರನ್ನು ಬೆಳಗುತ್ತಿತ್ತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ವಶಕ್ಕೆ ಹೋಗಿ, ಯುದ್ಧವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ನೆಲೆಯಾಯಿತು. ಆಫ್ರಿಕದ ರಣರಂಗದಲ್ಲಿ ಸೆರೆಸಿಕ್ಕ ಸಾವಿರಾರು ಇಟಲಿಯ ಸೈನಿಕರನ್ನು ಬೆಂಗಳೂರಿನ ಸುತ್ತಣ ಶಿಬಿರಗಳಲ್ಲಿ ಇರಿಸಿದರು. ಹೀಗೆ ನಾನಾ ದೇಶಗಳ ಜನ ಒಂದೇ ಊರಿನಲ್ಲಿ ನೆರೆದರು.

ಯುದ್ಧಕಾಲದ ಸೈನ್ಯದ ನೆಲೆಗಳಲ್ಲಿ ಕಾಲ್ಚೆಂಡಿಗೆ ಒಂದು ವಿಚಿತ್ರವಾದ ಭಾಗ್ಯ ಒದಗಿತು. ಶಾಂತಿಕಾಲದಲ್ಲಿ ಹಣಕೊಟ್ಟು ಒಂದೆಡೆ ಸೇರಿಸಲಾಗದಂಥ ಆಟಗಾರರು ಸೈನ್ಯದ ಅಪ್ಪಣೆಯಿಂದ ಒಂದೇ ಕಡೆ ಸೇರುತ್ತಿದ್ದರು. ಇದಕ್ಕೆ ಇಂಗ್ಲೆಂಡಿನ ಆಲ್ಡರ್‌ಷಾಟ್ ಒಳ್ಳೆಯ ಉದಾಹರಣೆ. ಅದು ಸೈನ್ಯದ ದೊಡ್ಡ ನೆಲೆಯಾದ ಒಂದು ಚಿಕ್ಕ ಪಟ್ಟಣ. ಅಲ್ಲಿನ ಕಾಲ್ಚೆಂಡಿನ ತಂಡ ಇಂಗ್ಲಿಷ್ ಲೀಗಿನ ಮೂರನೆಯ ದರ್ಜೆಯಲ್ಲಿತ್ತು. ಯುದ್ಧ ಬಂದಾಗ ಹೆಸರಾಂತ ಆಟಗಾರರು ಸೈನಿಕರಿಗೆ ವ್ಯಾಯಾಮ ಕಲಿಸುವ ಶಿಕ್ಷಕರಾಗಿ ಆಲ್ಡರ್‌ಷಾಟಿಗೆ ಬಂದರು. ಬ್ರಿಟನ್, ಕಲ್ಲಿಸ್, ಮರ್ಸರ್ ಎಂಬ ಮೂವರು ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಹಾಫ್‌ಗಳು. ಈ ಮೂವರೂ ಅತಿಥಿಗಳಾಗಿ ಆ ಚಿಕ್ಕ ಊರಿನ ತಂಡದಲ್ಲಿ ಆಡಿದರು! ನಮ್ಮ ದೇಶದಲ್ಲಿಯೂ ಇಂಥ ಸಂಗತಿಗಳು ನಡೆದವು. ಕ್ರಿಕೆಟಿನಲ್ಲಿಯೂ ಕಾಲ್ಚೆಂಡಿನಲ್ಲಿಯೂ ಹೆಸರಾಗಿದ್ದ ಡೆನಿಸ್ ಕಾಂಪ್ಟನ್ ಯುದ್ಧಕಾಲದಲ್ಲಿ ಮಧ್ಯಭಾರತದ ಮಹೂ ಎಂಬ ಸೈನ್ಯದ ನೆಲೆಯಲ್ಲಿದ್ದನು. ಅಲ್ಲಿಂದ ಹೋಗಿ, 1945ರ ರಣಜಿ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಹೋಳ್ಕರ್ ತಂಡದ ಪರವಾಗಿ ಔಟಾಗದೆ 249 ಓಟಗಳನ್ನು ಹೊಡೆದನು.

ಈ ಭಾಗ್ಯದ ಬೆನ್ನಿಗೇ ಒಂದು ದುರ್ಭಾಗ್ಯವೂ ಅಂಟಿಕೊಂಡಿತ್ತು. ಕೂಡಿಸಿದ ಅಪ್ಪಣೆಯೇ ಅಗಲಿಸುತ್ತಿತ್ತು. ಊರಿನ ತಂಡ ವರ್ಷವಿಡೀ ಒಂದೇ ಆಗಿರುತ್ತದೆ. ಸೈನ್ಯದ ನೆಲೆಯ ತಂಡಕ್ಕೆ ಆ ಭರವಸೆಯಿಲ್ಲ. ಆಟದ ಹಂಗಾಮಿನ ಆರಂಭದಲ್ಲಿ ದಳದಳಗಳ ನಡುವೆ ಪಂದ್ಯಗಳನ್ನು ಆಡಿಸಿ ಒಳ್ಳೆಯ ಹನ್ನೊಂದು ಜನರನ್ನು ಆರಿಸಬಹುದು. ಅವರು ಕೂಡಿ ಆಡುವುದನ್ನು ಕಲಿಯುತ್ತಿರುವಾಗಲೇ ಬ್ಯಾಕ್ ಒಬ್ಬನಿಗೆ ಬರ್ಮಾ ಗಡಿಗೆ ಹೊರಡುವ ಅಪ್ಪಣೆ ಬರಬಹುದು. ಫಾರ್ವರ್ಡ್ ಒಬ್ಬ ಮಲೇರಿಯದಿಂದ ಆಸ್ಪತ್ರೆ ಸೇರಬಹುದು. ಗೆದ್ದ ಕಪ್ಪನ್ನು ಎತ್ತಿಹಿಡಿಯುವ ದಿನ ಮೊದಲ ಪಂದ್ಯ ಆಡಿದವರಲ್ಲಿ ಎಷ್ಟು ಜನ ಉಳಿದಿರುವರೆಂದು ಯಾರೂ ಹೇಳುವಂತಿರಲಿಲ್ಲ. ನಮ್ಮ ಭಾಷೆಯಲ್ಲಿ ಹಂಗಾಮು ಎಂದರೆ ಸುಗ್ಗಿಯ ಕಾಲ, ಋತು. ತಾತ್ಕಾಲಿಕವಾದುದಕ್ಕೆ ಹೇಳುವ ಹಂಗಾಮಿ ಎಂಬ ಮಾತೂ ಅದರಿಂದಲೇ ಬಂದಿದೆ. ಸೈನ್ಯದ ನೆಲೆಯ ತಂಡಕ್ಕೆ ಈ ಎರಡು ಅರ್ಥಗಳೂ ಒಪ್ಪುತ್ತವೆ.

ಯುದ್ಧಕಾಲದಲ್ಲಿ ರೋವರ್ಸ್ ಕಪ್ಪನ್ನು ಗೆದ್ದವರ ಪಟ್ಟಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 1941ರಲ್ಲಿ ವೆಲ್ಷ್ ರೆಜಿಮೆಂಟ್. 1942ರಲ್ಲಿ ಮಾತ್ರ ಬಾಟಾ ಪಾದರಕ್ಷೆಯ ಕಾರ್ಖಾನೆಯ ತಂಡ. 1943ರಲ್ಲಿ ರಾಯಲ್ ವಾಯುಪಡೆ. 1944ರಲ್ಲಿ ‘ಬ್ರಿಟಿಷ್ ಬೇಸ್ ರೀಇನ್‌ಫೋರ್ಸ್‌ಮೆಂಟ್ ಕ್ಯಾಂಪ್’. 1945ರಲ್ಲಿ ಮಿಲಿಟರಿ ಪೊಲೀಸ್. 1946ರಲ್ಲಿ ಮತ್ತೆ ಆ ಕ್ಯಾಂಪಿನ ತಂಡವೇ. ಈ ಉದ್ದನೆಯ ಹೆಸರಿನ ಅರ್ಥವನ್ನು ಸ್ವಲ್ಪ ವಿಚಾರಿಸೋಣ. ಯುದ್ಧಭೂಮಿಯಲ್ಲಿ ಸತ್ತವರ, ಗಾಯಗೊಂಡವರ ಸ್ಥಾನವನ್ನು ತುಂಬಲು ಹೊಸ ಸೈನಿಕರನ್ನು ಕಳುಹಿಸಬೇಕಾಗುತ್ತದೆ. ಹಾಗೆ ಹೋಗಬೇಕಾದವರನ್ನು ತಂದು ಇರಿಸುವ ತಂಗುದಾಣವೇ ಅಂಥ ಶಿಬಿರ. ಎಂದರೆ, ಅಲ್ಲಿಗೆ ಬಂದ ಸೈನಿಕ ಅಲ್ಲಿ ಉಳಿಯಲು ಬಂದವನಲ್ಲ. ಹೊರಟುಹೋಗುವುದೇ ಅಲ್ಲಿನವರ ಕೆಲಸ. ಅಂಥ ಶಿಬಿರ ಎರಡು ಸಲ ದೇಶದ ದೊಡ್ಡ ಬಹುಮಾನವೊಂದನ್ನು ಗೆದ್ದಿತು! ನೂರಾರು ವರ್ಷಗಳ ಚರಿತ್ರೆಯುಳ್ಳ ರೆಜಿಮೆಂಟುಗಳ ಹೆಸರಿನ ನಡುವೆ ಈ ಶಿಬಿರದ ಹೆಸರು ಕುಳಿತಿದೆ. ಯುದ್ಧ ಮುಗಿದಾಗ ಶಿಬಿರದ ಕೆಲಸವೂ ಮುಗಿಯಿತು. ಕಪ್ಪಿನ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿಯಿತು.

ಡ್ಯೂರಂಡ್ ಕಪ್ಪಿನ ಕಥೆ ಬೇರೆ. 1940ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ರಾಯಲ್ ವಾರಿಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ, ಆ ಕಪ್ಪನ್ನು ಭಾರತೀಯರ ವಶಕ್ಕೆ ಮೊದಲ ಬಾರಿ ತಂದಿತು. ಆಮೇಲೆ ಆ ಪಂದ್ಯಗಳೇ ನಿಂತುಹೋದವು. ಅವು ಮತ್ತೆ ಆರಂಭವಾದುದು 1950ರಲ್ಲಿ. ಅಷ್ಟರಲ್ಲಿ ದೇಶ ಸ್ವತಂತ್ರವಾಗಿತ್ತು.

ದಂಡಿನ ಬಯಲುಗಳಲ್ಲಿ ಚೆಂಡಾಡುತ್ತಿದ್ದ ಯುವಕರು ಎಂಥ ಕೆಲಸಕ್ಕೆ ಸಿದ್ಧರಾಗುತ್ತಿದ್ದರು ಎಂಬುದನ್ನು ನಾವು ಮರೆಯಬಾರದು. ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸು ಸ್ಯಾಪರ್ಸ್ ದಳದವರು ಆಫ್ರಿಕ, ಇಟಲಿ, ಬರ್ಮಾಗಳಲ್ಲಿ ಸೇವೆ ಮಾಡಿದರು. ಅವರಲ್ಲಿ ಒಬ್ಬರು ಸುಬೇದಾರ್ ಸುಬ್ರಮಣ್ಯಂ. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೋ ಎಂಬಲ್ಲಿ ಅವರು ತಮ್ಮ ಸಂಗಡಿಗರೊಡನೆ, ನೆಲದಲ್ಲಿ ಹೂತಿದ್ದ ಸಿಡಿಗುಂಡುಗಳನ್ನು ಹುಡುಕುತ್ತ ಸಾಗುತ್ತಿದ್ದರು. ಮುಂದಿದ್ದ ಸಿಪಾಯಿಯ ಕಾಲು ಒಂದರ ಮೇಲೆ ಬಿದ್ದಿತು. ಅದು ಸಿಡಿಯಲು ಕೆಲವೇ ಕ್ಷಣಗಳಿದ್ದವು. ಸುಬ್ರಮಣ್ಯಂ ಓಡಿಬಂದು ಅದರ ಮೇಲೆ ಬಿದ್ದು ತಮ್ಮ ದೇಹದಿಂದಲೇ ಅದನ್ನು ಮುಚ್ಚಿದರು. ಅವರು ಪ್ರಾಣಬಿಟ್ಟರು; ಸಂಗಡಿಗರು ಬದುಕಿದರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಎಂಬ ಉನ್ನತ ಪದಕ ಸಂದಿತು. ಪಕ್ಕದವನನ್ನು ಉಳಿಸುವುದಕ್ಕಾಗಿ ತಾನು ಮುಂದೆ ನುಗ್ಗುವುದು ತಂಡದ ಧರ್ಮ. ಬಯಲಿನಲ್ಲಿ ಅದು ಆಟ. ರಣರಂಗದಲ್ಲಿ ಅದಕ್ಕೆ ತೆತ್ತ ಬೆಲೆ ಏನೆಂಬುದನ್ನು ಈ ಒಂದು ಘಟನೆ ಹೇಳುತ್ತದೆ. ಹಂಗಾಮು ಮುಗಿಯುವುದರೊಳಗೆ ತಂಡದಿಂದ ಕಣ್ಮರೆಯಾದ ಆಟಗಾರರೆಲ್ಲ ಮತ್ತೆ ಬಯಲಿಗೆ ಬರಲಿಲ್ಲ.

1945ರಲ್ಲಿ ಯುದ್ಧ ಮುಗಿಯಿತು. ಅಮೆರಿಕದವರು ತಮ್ಮ ದೇಶಕ್ಕೆ ಹಿಂದಿರುಗಿದರು. ಇಟಲಿಯ ಸೆರೆಯಾಳುಗಳು ಊರು ಸೇರಿದರು. 1947ರ ಅನಂತರ ಗೋರಾ ಪಲ್ಟನ್ನುಗಳೂ ಹಡಗು ಹತ್ತಿದವು. ದಂಡಿನ ತಂಡಗಳು ಚೆದುರಿದವು. ಅವರೊಡನೆ ಆಟವೂ ಹೊರಟುಹೋಗಬಹುದಾಗಿತ್ತು. ಹಾಗಾಗಲಿಲ್ಲ, ಏಕೆಂದರೆ ಅದು ಅಷ್ಟರಲ್ಲಿ ಬೇಲಿಯ ಆಚೆಯವರದಾಗಿತ್ತು.

1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿ ನಮ್ಮ ದೇಶದ ಪ್ರಾಂತಗಳ ನಡುವಣ ಕಾಲ್ಚೆಂಡಿನ ಸ್ಪರ್ಧೆ. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಮೈಸೂರಿನ ತಂಡ ಬಲಿಷ್ಠವಾದ ಬಂಗಾಳವನ್ನು ಸೋಲಿಸಿ ಈ ಟ್ರೋಫಿಯನ್ನು ಮೊದಲ ಬಾರಿ ಗೆದ್ದಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮೂರನೆಯ ಸಲ ರೋವರ್ಸ್ ಕಪ್ಪನ್ನು ತಂದಿತು. ಶಿಬಿರಗಳ ತಂಡಗಳು ಬಂದು ಹೋದ ಹತ್ತು ವರ್ಷಗಳ ಆಚೆಗೆ, ಅದೇ ಊರಿನ ಅದೇ ತಂಡ ಹಿಂದೆ ಗೆದ್ದ ಕಪ್ಪನ್ನೇ ಮತ್ತೆ ಎತ್ತಿಹಿಡಿಯಿತು.

ಅದೇ 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡ ಹೋಯಿತು. ಅದರಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ರಾಮನ್, ಧನರಾಜ್, ಗೋಲ್‌ಕೀಪರ್ ವರದರಾಜ್ ಇದ್ದರು. ಜುಲೈ 31ರಂದು ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸಿನೊಡನೆ ಪಂದ್ಯ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಕಣಕ್ಕಿಳಿದರು. ಎರಡು ಪೆನಾಲ್ಟಿ ಅವಕಾಶಗಳು ವ್ಯರ್ಥವಾದವು. ಕೊನೆಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲನ್ನು ಹೊಡೆದು 2–1ರಿಂದ ಗೆದ್ದಿತು. ಭಾರತದ ಪರವಾಗಿ ಬಂದ ಆ ಒಂದು ಗೋಲು ಒಲಿಂಪಿಕ್ ಕಾಲ್ಚೆಂಡಿನಲ್ಲಿ ನಮ್ಮ ದೇಶದ ಮೊದಲ ಗೋಲು. ಅದನ್ನು ಹೊಡೆದವರು ಬೆಂಗಳೂರಿನ ರಾಮನ್. ಯಾವ ದೇಶದ ಸಿಪಾಯಿಗಳನ್ನು ನೋಡಿ ನಮ್ಮ ಹುಡುಗರು ಚೆಂಡನ್ನು ಒದೆಯಲು ಕಲಿತರೋ, ಆ ದೇಶದ ನೆಲದಲ್ಲಿಯೇ ಆ ಗೋಲು ಬಂದಿತು.

ಬರಿಗಾಲಿನ ಕಾಲ ಅಲ್ಲಿಂದ ಹೆಚ್ಚು ದಿನ ಉಳಿಯಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು ಭಾರತ 10–1ರಿಂದ ಸೋತಿತು. ಆ ಒಂದು ಗೋಲನ್ನು ಹೊಡೆದವರೂ ಬೆಂಗಳೂರಿನವರೇ, ಅಹ್ಮದ್ ಖಾನ್. ಆ ಸೋಲಿನ ಅನಂತರ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಬೂಟು ತೊಟ್ಟ ಮೇಲೂ ಆಟ ಬಾಡಲಿಲ್ಲ. ಎಂ.ಇ.ಜಿ. ಎಂದು ಕರೆಯಿಸಿಕೊಂಡ ಸ್ಯಾಪರ್ಸ್ ದಳ, ವಿಮಾನ ಕಾರ್ಖಾನೆ, 1948ರಲ್ಲಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆ ಇವು ತಂಡಗಳನ್ನು ಕಟ್ಟಿ, ಬಡ ಮನೆಗಳ ಆಟಗಾರರಿಗೆ ಉದ್ಯೋಗವನ್ನೂ ಕೊಟ್ಟವು. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕ ಗೆದ್ದ ಭಾರತದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ದಂಡಿನ ಮಗ್ಗುಲಿನ ಗೌತಮಪುರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳ ಮಕ್ಕಳಿಗೆ ಇಂದಿಗೂ ಕ್ರಿಕೆಟಿಗಿಂತ ಕಾಲ್ಚೆಂಡು ಹತ್ತಿರದ ನಂಟು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದೇನು? ಸೈನ್ಯದ ನೆಲೆಯ ತಂಡಕ್ಕೆ ಬೂಟು, ಚೆಂಡು, ಬಯಲು, ಹೆಸರಾಂತ ಆಟಗಾರರು ಎಲ್ಲವೂ ಇದ್ದವು. ಇಲ್ಲದಿದ್ದುದು ನಾಳೆ ಎಂಬುದು ಮಾತ್ರ. ದಂಡಿನ ಸುತ್ತಣ ಹುಡುಗರಿಗೆ ಬೂಟಿಲ್ಲ, ಚೆಂಡಿಲ್ಲ. ಆದರೆ ಸಂಜೆಯಾದರೆ ಅದೇ ಬಯಲು, ಅದೇ ಗೆಳೆಯರು. ಅಣ್ಣನಿಂದ ತಮ್ಮನಿಗೆ, ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಆಟ ಹರಿದುಬಂದಿತು. ವಿದ್ಯೆಯೂ ಹೀಗೆಯೇ. ಅದನ್ನು ತಂದವರು ಯಾರೇ ಇರಲಿ, ದಿನದಿನವೂ ಅಭ್ಯಾಸಮಾಡಿ ಮುಂದಿನವರ ಕೈಗೆ ಒಪ್ಪಿಸುವವರಲ್ಲಿಯೇ ಅದು ನೆಲೆ ನಿಲ್ಲುತ್ತದೆ. ಪರದೇಶದ ಸಿಪಾಯಿ ಆಡುತ್ತಿದ್ದ ಆಟವನ್ನು ಬೇಲಿಯ ಆಚೆ ನಿಂತು ಕಲಿತ, ಹೆಸರು ಉಳಿಯದ ಆ ಮಕ್ಕಳಿಗೆ ನಮ್ಮ ನಾಡಿನ ಕಾಲ್ಚೆಂಡು ಋಣಿಯಾಗಿದೆ.